ಪ್ರಶಸ್ತಿ ಪಡೆದ ಅದ್ಭುತ ಕಾದಂಬರಿಗಳೂ ಇತಿಹಾಸದ ವಿದ್ಯಾರ್ಥಿಯೂ

ಇತಿಹಾಸದ ವಿದ್ಯಾರ್ಥಿಯು ಅದ್ಭುತ ಕಾದಂಬರಿಗಳನ್ನೂ ವೈಜ್ಞಾನಿಕ ಕಾದಂಬರಿಗಳನ್ನೂ ಓದಬೇಕೆ ಎಂಬ ಪ್ರಶ್ನೆಯು ತುಮಕೂರಿನ ನಮ್ಮ ತರಗತಿಗಳಲ್ಲಿ ಆಗಾಗ ಏಳುತ್ತದೆ. ಪ್ರಶಸ್ತಿ ಬಂದಿರುವುದರಿಂದ ಓದತಕ್ಕದ್ದೇ ಎಂಬುದು ಕೆಲವರ ವಾದ. ನಡೆಯಲಾರದ ಸಂಗತಿಯನ್ನು ಹೇಳುವ ಪುಸ್ತಕದಿಂದ, ನಡೆದುದನ್ನು ಅರಸುವವನಿಗೆ ಏನು ಪ್ರಯೋಜನವೆಂಬುದು ಉಳಿದವರ ಆಕ್ಷೇಪ. ಈ ಲೇಖಕನು ಬಹುಕಾಲ ಎರಡನೆಯ ಪಕ್ಷದಲ್ಲಿದ್ದವನು.

ಮೊದಲು ಪ್ರಶಸ್ತಿಯ ಮಾತನ್ನು ನೋಡಬಹುದು. ಅಮೆರಿಕದಲ್ಲಿ 1953ರಲ್ಲಿ ಆರಂಭವಾದ ಹ್ಯೂಗೋ ಪ್ರಶಸ್ತಿಯನ್ನು ಸಮ್ಮೇಳನದ ಸದಸ್ಯರಾದ ವಾಚಕರೇ ಮತ ನೀಡಿ ನಿರ್ಣಯಿಸುತ್ತಾರೆ. ನೆಬ್ಯುಲಾ ಪ್ರಶಸ್ತಿಯನ್ನು ಆ ಪ್ರಕಾರದ ಲೇಖಕರ ಸಂಘವು ಕೊಡುತ್ತದೆ. ನಮ್ಮಲ್ಲಿ ಅದ್ಭುತಕ್ಕೆಂದು ಅಂತಹ ಪ್ರತ್ಯೇಕ ಪಂಕ್ತಿಯನ್ನು ಹಾಕುವ ವಾಡಿಕೆ ಬೆಳೆದಿಲ್ಲ. ದೇವುಡು ಅವರ ‘ಮಹಾಕ್ಷತ್ರಿಯ’ಕ್ಕೆ 1962ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೃತಿಗೆ ಸಂದ 1977ರ ಜ್ಞಾನಪೀಠವೂ ಎಲ್ಲ ಬಗೆಯ ಸಾಹಿತ್ಯದ ನಡುವೆ ಆಯ್ಕೆಯಾಗಿ ಬಂದವು. ಒಂದರಲ್ಲಿ ಮಾನವನು ಇಂದ್ರಪದವಿಯನ್ನೇರುತ್ತಾನೆ. ಇನ್ನೊಂದರಲ್ಲಿ ವೃದ್ಧೆಯೊಬ್ಬಳು ವಸ್ತುವನ್ನು ಮುಟ್ಟಿ ಗತಕಾಲವನ್ನು ಕಾಣುತ್ತಾಳೆ. ಪ್ರಶಸ್ತಿಯು ಕೃತಿಯ ಗುಣಕ್ಕೆ ಪ್ರಮಾಣವಾಗಲಿ ಆಗದಿರಲಿ, ಅದನ್ನು ಕೊಟ್ಟ ಕಾಲವು ಯಾವುದನ್ನು ಮೆಚ್ಚಿತೆಂಬುದಕ್ಕಂತೂ ದಾಖಲೆಯಾಗಿದೆ. ದಾಖಲೆಯೆಂದ ಮೇಲೆ ಇತಿಹಾಸಕಾರನು ಅದರಿಂದ ಮುಖ ತಿರುಗಿಸುವಂತಿಲ್ಲ.

ಅದ್ಭುತವನ್ನು ಆಧಾರವಾಗಿ ಓದುವ ಕೆಲಸ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು. ಮೊದಲನೆಯದು ನ್ಯಾಯಕ್ಕಾಗಿ ಸ್ವಂತ ಮಗನನ್ನೇ ದಂಡನೆಗೆ ಗುರಿಮಾಡಿದ ಸತ್ಯೇಂದ್ರಚೋಳನ ಕಥೆ. ಕೊನೆಗೆ ಶಿವಾನುಗ್ರಹದಿಂದ ಸತ್ತವರು ಎದ್ದು ಬರುತ್ತಾರೆ. ಇದನ್ನು ಹಿಡಿದು ಚೋಳರ ವಂಶಾವಳಿಯನ್ನು ತಿದ್ದಹೊರಡುವವನು ನಗೆಪಾಟಲಾದಾನು. ಆದರೆ ಕೃಷ್ಣದೇವರಾಯನು ಪಟ್ಟವೇರಿ ನಾಲ್ಕು ವರ್ಷಗಳಾಗಿದ್ದ ಸಮಯದಲ್ಲಿ, ಗುಬ್ಬಿಯ ಶಿವಕವಿಯೊಬ್ಬನು ಅರಸನಿಂದ ಯಾವ ಬಗೆಯ ನ್ಯಾಯವನ್ನು ನಿರೀಕ್ಷಿಸುತ್ತಿದ್ದನೆಂಬುದನ್ನು ಶಾಸನಗಳಿಗಿಂತ ಈ ಕಥೆಯೇ ಚೆನ್ನಾಗಿ ತಿಳಿಸುತ್ತದೆ. ಐದು ಶತಮಾನಗಳ ಹಿಂದಿನ ಪವಾಡಕ್ಕೆ ನಾವು ಸಲ್ಲಿಸುವ ಈ ಎಚ್ಚರದ ಗೌರವವನ್ನು ಇಂದಿನ ಕಾದಂಬರಿಗೆ ಏಕೆ ನಿರಾಕರಿಸಬೇಕು?

ತೊಡಕು ಇರುವುದು ಎಚ್ಚರ ತಪ್ಪಿದಾಗ. ಕುಣಿಗಲಿನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಮಾತೃದೇವತೆಯ ಆರಾಧನೆಯನ್ನು ಕುರಿತ ತನ್ನ ಪ್ರಬಂಧದಲ್ಲಿ ಮೂಕಜ್ಜಿಯ ಮಾತನ್ನೇ ಆಧಾರವಾಗಿ ಉಲ್ಲೇಖಿಸಿದ್ದನು. ನಾನು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆನು. “ಜ್ಞಾನಪೀಠ ಬಂದ ಪುಸ್ತಕ ಸಾರ್, ಅದೂ ಆಧಾರವಲ್ಲವೇ?” ಎಂದು ಅವನು ಕೇಳಿದನು. ಆ ಪ್ರಶ್ನೆಗೆ ಕೆಂಪು ಶಾಯಿ ಉತ್ತರವಾಗಲಾರದೆಂದು ಮನೆಗೆ ಬಂದು ಕಾದಂಬರಿಯನ್ನು ಮತ್ತೆ ಓದಿದೆನು.

ಹಳೆಯ ವಸ್ತುವೊಂದು ದೊರೆತಾಗ ನಾವು ಕೇಳುವ ಪ್ರಶ್ನೆಗಳು ಪರಿಚಿತವಾದವು: ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು, ಜೊತೆಯಲ್ಲಿ ಏನಿತ್ತು? ಅಜ್ಜಿಗೆ ಈ ಯಾವ ಗೊಡವೆಯೂ ಇಲ್ಲ. ಮುಟ್ಟುತ್ತಾಳೆ, ಕಾಣುತ್ತಾಳೆ, ಹೇಳುತ್ತಾಳೆ, ಎರಡನೆಯ ಸಾಕ್ಷಿಯಿಲ್ಲ. ದೇವತೆಗಳ ಹುಟ್ಟು ಬೆಳವಣಿಗೆಗಳ ವಿಷಯದಲ್ಲಿ ಅವಳು ಕಾಣುವುದು ಇಪ್ಪತ್ತನೆಯ ಶತಮಾನದ ವಿದ್ವಾಂಸರ ಊಹೆಗಳಿಗೆ ಬಹು ಹತ್ತಿರವಾದುದು. ಅಂದರೆ ಕಾರಂತರು ಓದಿ ಆಲೋಚಿಸಿದುದನ್ನೇ ಅಜ್ಜಿ ಕನಸಾಗಿ ಕಂಡಿದ್ದಾಳೆ. ಪ್ರಾಚೀನ ಧರ್ಮದ ವಿಷಯದಲ್ಲಿ ಅವಳ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಆದರೆ 1968ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ, ಬಾಲ್ಯದಲ್ಲೇ ವಿಧವೆಯಾಗಿ ಮಾತು ಕಳೆದುಕೊಂಡಂತಿದ್ದ ಹೆಂಗಸಿಗೆ ಯುಗಗಳನ್ನು ಕಾಣುವ ಕಣ್ಣನ್ನು ಕೊಟ್ಟು, ದೇವರನ್ನೂ ಧರ್ಮವನ್ನೂ ವಿಚಾರಣೆಗೆ ನಿಲ್ಲಿಸಿರುವುದಿದೆಯಲ್ಲ, ಅದು ಕನ್ನಡ ಸಮಾಜದ ಬೌದ್ಧಿಕ ಇತಿಹಾಸಕ್ಕೆ ಮೊದಲ ದರ್ಜೆಯ ಆಧಾರ. ಅದ್ಭುತವು ಇಲ್ಲಿ ಅಲಂಕಾರವಲ್ಲ. ಅದನ್ನು ತೆಗೆದರೆ ಕಾದಂಬರಿಯೇ ನಿಲ್ಲದು. ಇದನ್ನು ಓದಲೇಬೇಕು.

‘ಮಹಾಕ್ಷತ್ರಿಯ’ದ ಬಗೆಗೆ ನನ್ನ ಉತ್ಸಾಹ ಅಷ್ಟಿಲ್ಲ. ತಪಸ್ಸು ಮಂತ್ರಗಳ ವಿವರದ ನಡುವೆ ಕಥೆಯ ನಡೆ ನಿಧಾನವಾಗುತ್ತದೆ. ಆದರೂ ಪುರಾಣವು ಪತಿತನೆಂದು ನೆನೆಯುವ ನಹುಷನನ್ನು ಮಹಾಕ್ಷತ್ರಿಯನೆಂದು ಕರೆದಿರುವುದೇ ಒಂದು ವಾದ. ದೇವಲೋಕದ ಸಿಂಹಾಸನಕ್ಕೆ ಮನುಷ್ಯನನ್ನು ಕರೆತರುವ ಕಥೆಗೆ ಗಣರಾಜ್ಯದ ಎರಡನೆಯ ದಶಕದಲ್ಲಿ ಮನ್ನಣೆ ದೊರೆತುದು ವಿಚಾರಾರ್ಹವೇ ಸರಿ. ಬಿಡುವಿದ್ದವರು ಓದಬಹುದು.

ಹೊರನಾಡಿನ ಒಂದು ನಿದರ್ಶನ. 2015ರಲ್ಲಿ ಹ್ಯೂಗೋ ಪಡೆದ, ಚೀನದ ಲಿಯು ಸಿಶಿನ್ ಅವರ ‘ಥ್ರೀ-ಬಾಡಿ ಪ್ರಾಬ್ಲಂ’ ಇಂಗ್ಲಿಷಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹಿಂಸೆಯಿಂದ ಆರಂಭವಾಗುತ್ತದೆ. ಚೀನೀ ಪುಸ್ತಕದಲ್ಲಿ ಆ ಭಾಗವು ಒಳಗೆಲ್ಲೋ ನಡುವೆ ಇತ್ತು. ಅನ್ಯಗ್ರಹದವರ ಕಥೆಯೆಂದು ತಳ್ಳಿಹಾಕಿದವನಿಗೆ ಒಂದು ದೇಶವು ತನ್ನ ನೆನಪನ್ನು ಎಲ್ಲಿ ಇರಿಸಬೇಕಾಯಿತೆಂಬ ಈ ಸಂಗತಿ ಕೈತಪ್ಪಿಹೋಗುತ್ತದೆ.

ಕುಣಿಗಲಿನ ಹುಡುಗನನ್ನು ಮರುವಾರ ಕರೆದು, ಅವನ ಊರಿನ ಕೆರೆಯ ಮೇಲಿರುವ ಜನಪದ ಗೀತೆಯನ್ನು ನೆನಪಿಸಿದೆನು. ಏರಿ ಕಟ್ಟಿದ ವರ್ಷವನ್ನು ಆ ಹಾಡಿನಿಂದ ತಿಳಿಯಬಹುದೇ ಎಂದು ಕೇಳಿದುದಕ್ಕೆ, ಇಲ್ಲವೆಂದನು. ಆ ಕೆರೆ ಜನಕ್ಕೆ ಏನಾಗಿತ್ತೆಂಬುದನ್ನು ತಿಳಿಯಬಹುದೆಂದು ತಾನಾಗಿಯೇ ಸೇರಿಸಿದನು. ತಿದ್ದಿ ತಂದ ಪ್ರಬಂಧದಲ್ಲಿ ಮೂಕಜ್ಜಿಯು ಮೊದಲನೆಯ ಅಧ್ಯಾಯದಿಂದ ಎದ್ದು, ಇಪ್ಪತ್ತನೆಯ ಶತಮಾನದ ವಿಚಾರಗಳಿಗೆ ಮೀಸಲಾದ ಕೊನೆಯ ಅಧ್ಯಾಯದಲ್ಲಿ ಕುಳಿತಿದ್ದಳು. ಆ ಪುಟಕ್ಕೆ ಕೆಂಪು ಶಾಯಿ ಬೇಕಾಗಲಿಲ್ಲ.