ಪುಲಕೇಶಿಯ ಸೈನಿಕರ ಬುತ್ತಿ: ಒಂದು ತಿದ್ದುಪಡಿ



ಬಳಿಚಕ್ರದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ನನ್ನಿಂದ ಇತಿಹಾಸ ಕಲಿತವರಿಗೆ ಒಂದು ಮಾತು ನೆನಪಿರಬಹುದು. ಇಮ್ಮಡಿ ಪುಲಕೇಶಿಯು ನರ್ಮದೆಯ ಬಳಿ ಹರ್ಷವರ್ಧನನನ್ನು ತಡೆದ ಪಾಠ ಬಂದಾಗಲೆಲ್ಲ, "ನಮ್ಮ ಸೈನಿಕರು ಜೋಳದ ರೊಟ್ಟಿ, ಮೆಣಸಿನಕಾಯಿ ಖಾರ ಉಂಡವರು, ಅವರೆದುರು ನಿಲ್ಲುವವರಾರು!" ಎನ್ನುತ್ತಿದ್ದೆ. ಪಾಠ ಮರೆತವರೂ ಈ ಮಾತನ್ನು ಮರೆತಿಲ್ಲ. ಈಗ ಸ್ವತಃ ಶಿಕ್ಷಕರಾಗಿರುವ ನಿಮ್ಮಲ್ಲೊಬ್ಬರು ಅದನ್ನೇ ತಮ್ಮ ತರಗತಿಯಲ್ಲಿಯೂ ಹೇಳುತ್ತಿರುವುದಾಗಿ ಈಚೆಗೆ ಅಭಿಮಾನದಿಂದ ತಿಳಿಸಿದರು. ಆದುದರಿಂದಲೇ ಈ ಬರಹ.

ಮಗಳು-ಅಳಿಯ ಬ್ಯಾಂಕಾಕಿನಲ್ಲಿದ್ದಾಗ ನಾನು ಎರಡು ಸಲ ಅಲ್ಲಿಗೆ ಹೋಗಿದ್ದೆ. 2008ರಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಎಲ್ಲದರಲ್ಲಿಯೂ ಮೀನಿನ ರಸವಿದೆಯೆಂಬ ಭಯದಿಂದ ಅಲ್ಲಿಯ ಒಂದು ತುತ್ತನ್ನೂ ಮುಟ್ಟದೆ, ದೇವಾಲಯಗಳನ್ನಷ್ಟೇ ನೋಡಿ ಬಂದೆ. 2017ರಲ್ಲಿ ಮಗಳು, "ಅಪ್ಪಾ, ಈ ಸಲ ಅಡುಗೆಮನೆ ನೋಡು" ಎಂದು ಅಡುಗೆ ಕಲಿಸುವ ಒಬ್ಬ ಹಿರಿಯ ಮಹಿಳೆಯ ಬಳಿಗೆ ಕರೆದೊಯ್ದಳು. ಆಕೆಯನ್ನು ಎಲ್ಲರೂ 'ಖ್ರೂ' ಎನ್ನುತ್ತಿದ್ದರು. ಅದು ನಮ್ಮ 'ಗುರು' ಶಬ್ದವೇ. ಅಲ್ಲಿ ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ ಮಕ್ಕಳು ಗರಿಕೆ, ಬದನೆಯ ಹೂವು, ಕೇಪಳದ ಹೂವುಗಳನ್ನಿತ್ತು ಶಿಕ್ಷಕರಿಗೆ ವಂದಿಸುತ್ತಾರೆಂದು ತಿಳಿದು, ವೃತ್ತಿಬಾಂಧವಳೆಂಬ ಸಲುಗೆ ನನಗೆ ಬಂದಿತು.

ಆಕೆ ಮಣ್ಣಿನ ಒರಳಿನಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ಶೇಂಗಾ ಕುಟ್ಟಿ, ಟೊಮೇಟೊ, ಹೆರೆದ ಪಪ್ಪಾಯಿಕಾಯಿ, ನಿಂಬೆರಸ, ತಾಳೆಬೆಲ್ಲ ಸೇರಿಸಿ 'ಸೋಮ್ ತಮ್' ಮಾಡಿದರು. ನನ್ನ ಪಾಲಿಗೆ ಮೀನಿನ ರಸದ ಬದಲು ಉಪ್ಪು. ಕಣ್ಣಲ್ಲಿ ನೀರು ಬಂದರೂ ನಮ್ಮ ಮನೆಯ ರಂಜಕದ ನೆನಪಾಯಿತು. ಉತ್ಸಾಹದಿಂದ ಹೇಳಿದೆ: ಅಯೋಧ್ಯೆಯ ಹೆಸರು ನಿಮ್ಮಲ್ಲಿ ಅಯುಥಯವಾಯಿತು, ರಾಮಾಯಣ ರಾಮಕಿಯನ್ ಆಯಿತು, ಸಂಕ್ರಾಂತಿ ಸೊಂಗ್‌ಕ್ರಾನ್ ಆಯಿತು, ಈ ಖಾರವೂ ನಮ್ಮಿಂದಲೇ ಬಂದಿರಬೇಕು.

ಆಕೆ ನಗುತ್ತ ಎರಡು ಡಬ್ಬಿಗಳನ್ನು ಮುಂದಿಟ್ಟರು. ಒಂದರಲ್ಲಿ ಮೆಣಸಿನಕಾಯಿ, ಅದು 'ಫ್ರಿಕ್'. ಇನ್ನೊಂದರಲ್ಲಿ ಕಾಳುಮೆಣಸು, ಅದು 'ಫ್ರಿಕ್ ಥಾಯ್', ಅಂದರೆ ಥಾಯ್ ಮೆಣಸು. "ನಮ್ಮದು ಎಂಬ ಹೆಸರಿರುವುದು ಇದಕ್ಕೆ ಮಾತ್ರ, ಅದು ಹೊರಗಿನಿಂದ ಬಂದದ್ದು" ಎಂದರೆಂದು ಮಗಳು ಅನುವಾದಿಸಿದಳು.

ನಾನು ಮೌನವಾದೆ. ಕನ್ನಡದಲ್ಲಿಯೂ ನಡೆದದ್ದು ಅದೇ ಅಲ್ಲವೇ? ಹೊಸದಾಗಿ ಬಂದ ಕಾಯಿ ಮೆಣಸಿನ ಹೆಸರನ್ನೇ ಹೊತ್ತು ಮೆಣಸಿನಕಾಯಿಯಾಯಿತು, ಹಸಿಮೆಣಸು, ಒಣಮೆಣಸು ಆಯಿತು. ಮನೆಯ ಹಳೆಯ ಮೆಣಸು ತನ್ನ ಗುರುತಿಗೆ ಕಾಳುಮೆಣಸು, ಕರಿಮೆಣಸು ಎಂಬ ವಿಶೇಷಣ ತೊಡಬೇಕಾಯಿತು. ಹೆಸರೇ ಸಾಕ್ಷಿ ನುಡಿಯುತ್ತಿದ್ದರೂ ಇಷ್ಟು ವರ್ಷ ನಾನು ಕೇಳಿಸಿಕೊಂಡಿರಲಿಲ್ಲ.

ಮೆಣಸಿನಕಾಯಿಯ ತವರು ಅಮೆರಿಕಾ ಖಂಡ. 1492ರಲ್ಲಿ ಕೊಲಂಬಸನು ಅಲ್ಲಿಗೆ ತಲುಪುವ ಮೊದಲು ಏಷ್ಯಾದಲ್ಲಿ ಅದನ್ನು ಕಂಡವರಿಲ್ಲ. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನೂ 1511ರಲ್ಲಿ ಮಲಕ್ಕಾವನ್ನೂ ವಶಪಡಿಸಿಕೊಂಡರು. ಅದೇ ವರ್ಷ ಅಯುಥಯದ ಆಸ್ಥಾನಕ್ಕೆ ದೂತನನ್ನೂ ಕಳುಹಿಸಿದರು. ನಮಗೂ ಅವರಿಗೂ ಖಾರ ತಲುಪಿದ್ದು ಆ ಶತಮಾನದಲ್ಲಿ, ಆ ವ್ಯಾಪಾರದ ದಾರಿಯಲ್ಲಿ. ಆ ಒರಳಿನಲ್ಲಿದ್ದ ಶೇಂಗಾ, ಟೊಮೇಟೊ, ಪಪ್ಪಾಯಿಗಳ ಮೂಲವೂ ಅಮೆರಿಕಾ ಖಂಡವೇ. ನಮ್ಮ ಶೇಂಗಾ ಹಿಂಡಿಯಂತೂ ಪೂರ್ಣ ಪರದೇಶಿ!

ಊರಿಗೆ ಮರಳಿ ಪುಸ್ತಕಗಳನ್ನು ತೆರೆದೆ. 1025ರಲ್ಲಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ಅಧ್ಯಾಯವೇ ಇದೆ. ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (1129) ಇಂಗು, ಶುಂಠಿ, ಮೆಣಸು ಹಾಕಿದ ಬಗೆಬಗೆಯ ಭಕ್ಷ್ಯಗಳಿವೆ. ಎರಡರಲ್ಲಿಯೂ ಮೆಣಸಿನಕಾಯಿ ಇಲ್ಲ. 7ನೆಯ ಶತಮಾನದ ಪುಲಕೇಶಿಯ ಮಾತು ಹೇಳಬೇಕೆ! ಅವನ ವೀರರು ಯುದ್ಧಕ್ಕೆ ಮುನ್ನ ತಾವೂ ಮದ್ಯ ಕುಡಿದು ಆನೆಗಳಿಗೂ ಕುಡಿಸುತ್ತಿದ್ದರೆಂದು ಹ್ಯೂಯೆನ್ ತ್ಸಾಂಗನು ಬರೆದಿದ್ದಾನೆ. ಅದು ಗೊತ್ತಿದ್ದೂ ತರಗತಿಯಲ್ಲಿ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಮಾತ್ರ ಧೈರ್ಯವಾಗಿ ಹೇಳಿದೆ.

ಜೋಳದ ರೊಟ್ಟಿಯ ವಿಷಯದಲ್ಲಿ ಅಷ್ಟು ನಾಚಬೇಕಾಗಿಲ್ಲ. ಜೋಳವೂ ಆಫ್ರಿಕಾದಿಂದ ಬಂದದ್ದೇ, ಆದರೆ ಪುಲಕೇಶಿಗಿಂತ ಬಹು ಹಿಂದೆಯೇ ಬಂದಿತ್ತು. ಆ ಶಿಕ್ಷಕ ಮಿತ್ರರಲ್ಲಿ ವಿನಂತಿ: ಮುಂದಿನ ಸಲ ಆ ಪಾಠ ಬಂದಾಗ ಮೆಣಸಿನಕಾಯಿಯನ್ನು ಬಿಟ್ಟು ಕಾಳುಮೆಣಸು ಎಂದು ತಿದ್ದಿ ಹೇಳಿರಿ. ಮಕ್ಕಳು ನಗದಿದ್ದರೆ ಅದಕ್ಕೆ ನಾನೇ ಹೊಣೆ.