ಪೊಟ್ಟಣದಲ್ಲಿರುವುದು ಏನು?

ನಿಮ್ಮ ಮನೆಯಲ್ಲಿ ಬಿ.ಎಸ್‌ಸಿ. ತರಗತಿಗೆ ಹೋಗುವ ಮಗನೋ ಮಗಳೋ ಇದ್ದರೆ, ರಸಾಯನಶಾಲೆಯಿಂದ ಹಿಂದಿರುಗಿದ ಸಂಜೆ ಅವರ ಬಟ್ಟೆಯಿಂದ ಕೊಳೆತ ಮೊಟ್ಟೆಯ ನಾತ ನಿಮ್ಮ ಮೂಗಿಗೆ ತಾಗಿರಬಹುದು. ಗಾಬರಿಯಾಗಬೇಡಿ. ಒಂದು ಪೊಟ್ಟಣದಲ್ಲಿ ಚಿಟಿಕೆ ಪುಡಿಯನ್ನು ಕಟ್ಟಿಕೊಟ್ಟು, “ಇದರಲ್ಲಿ ಏನಿದೆ, ಹೇಳು” ಎಂದು ಅಧ್ಯಾಪಕರು ಕೇಳಿರುತ್ತಾರೆ. ಉತ್ತರ ಹುಡುಕುವ ದಾರಿಯಲ್ಲಿ ಆ ನಾತದ ಅನಿಲವೂ ಒಂದು ಮಜಲು. ಈ ವಿದ್ಯೆಗೆ ವಿಶ್ಲೇಷಣ ರಸಾಯನವೆಂದು ಹೆಸರು. ಕಾವ್ಯ ಓದಿದವರಿಗೆ ‘ವಿಶ್ಲೇಷ’ವೆಂದರೆ ಪ್ರಿಯರ ಅಗಲಿಕೆ, ಇಲ್ಲಿ ಅಗಲಬೇಕಾದವು ತಾಮ್ರ, ಸೀಸ, ತವರಗಳು.

ವಸ್ತುವನ್ನು ಪರೀಕ್ಷಿಸಿ ನಂಬಬೇಕೆಂಬುದು ನಮಗೆ ಹೊಸ ಮಾತಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬಿಡಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುವರ್ಣಾಧ್ಯಕ್ಷನ ಅಧ್ಯಾಯದಲ್ಲಿ, ಒರೆಗಲ್ಲಿನ ವಿಚಾರವಿದೆ. ಕಳಿಂಗದ, ಹೆಸರುಕಾಳಿನ ಬಣ್ಣದ ಕಲ್ಲು ಶ್ರೇಷ್ಠವೆಂದು ಅಲ್ಲಿ ಹೇಳಿದೆ. ಅಷ್ಟೇ ಅಲ್ಲ, ಉಗುರಿನ ಸಂದಿನಲ್ಲಿ ಕೆಮ್ಮಣ್ಣಿನ ಪುಡಿ ಅಡಗಿಸಿಟ್ಟುಕೊಂಡು ಗೆರೆಯ ಮೇಲೆ ಉದುರಿಸಿ ಮೋಸ ಮಾಡುವವರನ್ನೂ ಆ ಗ್ರಂಥಕಾರ ಬಲ್ಲ. ಪರೀಕ್ಷೆ ಹುಟ್ಟಿದ ದಿನವೇ ಪರೀಕ್ಷೆಯನ್ನು ವಂಚಿಸುವ ಉಪಾಯವೂ ಹುಟ್ಟಿತೆನ್ನಬೇಕು. ಆದರೆ ಒರೆಗಲ್ಲು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಚಿನ್ನ ಎಷ್ಟು ಚೊಕ್ಕ? ಏನೆಂದೇ ತಿಳಿಯದ ಪುಡಿಯ ಮುಂದೆ ಅದು ಮೂಕ.

ಅಂಥ ಪುಡಿಗೆ ದಾರಿ ಹಾಕಿಕೊಟ್ಟವನು ಇಪ್ಪತ್ತೆರಡು ವರ್ಷದ ಒಬ್ಬ ವಿದ್ಯಾರ್ಥಿ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1818ರಲ್ಲಿ ಹುಟ್ಟಿದ ರೆಮಿಗಿಯಸ್ ಫ್ರೆಸೆನಿಯಸ್ ಔಷಧದಂಗಡಿಯಲ್ಲಿ ಕೆಲಸ ಕಲಿತು, 1840ರಲ್ಲಿ ಬಾನ್ ನಗರಕ್ಕೆ ಓದಲು ಹೋದನು. ಅಲ್ಲಿ ಮಾರ್ಕ್ವಾರ್ಟ್ ಎಂಬ ಔಷಧತಜ್ಞನ ಖಾಸಗಿ ಪ್ರಯೋಗಶಾಲೆಯಲ್ಲಿ ಅವನ ಅಭ್ಯಾಸ ನಡೆಯಿತು. ಗ್ರಂಥಗಳಿಗೇನೂ ಕೊರತೆಯಿರಲಿಲ್ಲ. ಹೈನ್ರಿಖ್ ರೋಸ್ ಎಂಬ ವಿದ್ವಾಂಸನ ದೊಡ್ಡ ಗ್ರಂಥ 1829ರಲ್ಲೇ ಬಂದಿತ್ತು. ಆದರೆ ಎಲ್ಲ ಮೂಲವಸ್ತುಗಳನ್ನೂ, ಎಲ್ಲ ಪರೀಕ್ಷೆಗಳನ್ನೂ ಹೇಳುವ ಗ್ರಂಥ ಕಲಿಯುವವನಿಗೆ ಕಾಡಿನಂತೆ ಕಾಣುತ್ತದೆ, ಕಾಲುದಾರಿ ಕಾಣುವುದಿಲ್ಲ. ಅಮರಕೋಶ, ಶಬ್ದಮಣಿದರ್ಪಣಗಳನ್ನು ಗುರುವಿಲ್ಲದೆ ತೆರೆದು ಕುಳಿತವರಿಗೆ ಈ ಕಷ್ಟ ಗೊತ್ತು. ಫ್ರೆಸೆನಿಯಸ್ ಸಾಮಾನ್ಯವಾಗಿ ಎದುರಾಗುವ ವಸ್ತುಗಳನ್ನು ಮಾತ್ರ ಆರಿಸಿಕೊಂಡು, ಮೊದಲು ಏನು ಮಾಡತಕ್ಕದ್ದು, ಅದು ಹೀಗಾದರೆ ಮುಂದೇನು, ಹಾಗಾದರೆ ಮುಂದೇನು ಎಂದು ತನ್ನ ಉಪಯೋಗಕ್ಕಾಗಿ ಬರೆದಿಟ್ಟುಕೊಂಡನು. ಮಾರ್ಕ್ವಾರ್ಟನ ಪ್ರೋತ್ಸಾಹದಿಂದ ಆ ಬರಹ 1841ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಅವನು ಗೀಸೆನ್ ನಗರದಲ್ಲಿ ಮಹಾರಸಾಯನಜ್ಞ ಲೀಬಿಗನ ಶಿಷ್ಯನಾದನು. 1843ರಲ್ಲಿ ಇಂಗ್ಲಿಷ್ ಅನುವಾದ ಲೀಬಿಗನ ಮುನ್ನುಡಿಯೊಡನೆ ಹೊರಬಂದಿತು. ಮುಂದೆ ಚೀನೀ ಭಾಷೆಗೂ ಹೋಯಿತು. ಕರ್ತೃವಿನ ಜೀವಿತಕಾಲದಲ್ಲೇ ಜರ್ಮನ್ ಭಾಷೆಯಲ್ಲಿ ಹದಿನಾರು ಮುದ್ರಣಗಳು.

ಆ ದಾರಿಯ ಗುಟ್ಟು ಸರಳವಾದದ್ದು. ಜಾತ್ರೆಯ ಜನರಲ್ಲಿ ಒಬ್ಬನನ್ನು ಹುಡುಕಬೇಕಾದರೆ ಮುಖಮುಖ ನೋಡುತ್ತ ಹೋಗುವುದಿಲ್ಲ. ಊರೂರಿನವರನ್ನು ಬೇರೆ ಬೇರೆ ನಿಲ್ಲಿಸುತ್ತೇವೆ. ಪುಡಿಯನ್ನು ಕರಗಿಸಿ, ಮೊದಲು ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿದರೆ ಬೆಳ್ಳಿ, ಸೀಸಗಳು ಬಿಳಿಯ ಗಷ್ಟಾಗಿ ತಳಕ್ಕಿಳಿಯುತ್ತವೆ. (ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಒತ್ತರ’ವೆನ್ನುತ್ತಾರೆ, ಅಚ್ಚಗನ್ನಡದ ಒಳ್ಳೆಯ ಮಾತು.) ಅದನ್ನು ಸೋಸಿ, ತಿಳಿಯೊಳಕ್ಕೆ ಆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನು ಹಾಯಿಸಿದರೆ ತಾಮ್ರ ಕಪ್ಪಾಗಿ, ಕ್ಯಾಡ್ಮಿಯಂ ಹಳದಿಯಾಗಿ, ಆಂಟಿಮನಿ ಕಿತ್ತಳೆಯಾಗಿ ಕಾಣಿಸಿಕೊಳ್ಳುತ್ತವೆ. ಉಳಿದ ತಿಳಿಯಲ್ಲಿ ಕಬ್ಬಿಣದ ಸರದಿ, ಆಮೇಲೆ ಸತುವಿನದು, ಆಮೇಲೆ ಸುಣ್ಣದ ಬಳಗದ್ದು. ಕ್ರಮ ತಪ್ಪಿದರೆ ಕೆಟ್ಟಿತು. ಹಿಂದಿನ ಗುಂಪಿನವರು ಪೂರ್ತಿ ಇಳಿಯದಿದ್ದರೆ ಮುಂದಿನ ಗುಂಪಿನಲ್ಲಿ ವೇಷ ಹಾಕಿಕೊಂಡು ನಿಲ್ಲುತ್ತಾರೆ.

ಇದೆಲ್ಲ ಅಂಕ ಗಳಿಸುವ ಆಟವೆಂದು ನಿಮಗೆ ತೋರಬಹುದು. ಅದೇ ಕಾಲದ ನ್ಯಾಯಸ್ಥಾನಗಳ ಕಡೆ ಸ್ವಲ್ಪ ನೋಡಿ. ಹೈಡ್ರೋಜನ್ ಸಲ್ಫೈಡಿಗೆ ಹಳದಿಯಾಗಿ ಇಳಿಯುವ ಇನ್ನೊಂದು ವಸ್ತು ಆರ್ಸೆನಿಕ್. ನಮ್ಮ ಜನರ ಬಾಯಲ್ಲಿ ಪಾಷಾಣ. ಇಂಗ್ಲೆಂಡಿನಲ್ಲಿ ಜಾನ್ ಬಾಡಲ್ ಎಂಬವನು ತಾತನ ಕಾಫಿಯಲ್ಲಿ ವಿಷ ಬೆರೆಸಿದನೆಂದು ಮೊಕದ್ದಮೆ ನಡೆಯಿತು. ವೂಲ್‌ವಿಚ್ಚಿನ ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞ ಪರೀಕ್ಷಿಸಿ ಹಳದಿಯ ಒತ್ತರವನ್ನು ಪಡೆದನು. ಆದರೆ ಜ್ಯೂರಿಯ ಮುಂದೆ ಇಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ? ಆರೋಪಿ ಬಿಡುಗಡೆಯಾದ, ಆಮೇಲೆ ತಾನೇ ಕೊಂದದ್ದೆಂದು ಒಪ್ಪಿಕೊಂಡ. ಮಾರ್ಷನಿಗೆ ಇದು ಮುಳ್ಳಾಗಿ ಚುಚ್ಚಿರಬೇಕು. 1836ರಲ್ಲಿ ಅವನು ಹೊಸ ಪರೀಕ್ಷೆಯನ್ನು ಪ್ರಕಟಿಸಿದನು: ಸತು ಮತ್ತು ಆಮ್ಲದೊಡನೆ ಸಂಶಯದ ವಸ್ತುವನ್ನು ಸೇರಿಸಿ, ಹೊರಡುವ ಅನಿಲವನ್ನು ಕಾಯಿಸಿದರೆ, ಪಾಷಾಣವಿದ್ದ ಪಕ್ಷಕ್ಕೆ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪ ಕೂರುತ್ತದೆ. ಅದನ್ನು ಜ್ಯೂರಿಗೆ ತೋರಿಸಬಹುದು.

ಹೊಸ ಪರೀಕ್ಷೆಯೊಡನೆ ಹೊಸ ಅಪಾಯವೂ ಬಂದಿತು. 1840ರಲ್ಲಿ ಫ್ರಾನ್ಸಿನಲ್ಲಿ ಮಾರಿ ಲಫಾರ್ಜ್ ಎಂಬಾಕೆ ಗಂಡನಿಗೆ ವಿಷವಿಟ್ಟಳೆಂಬ ವಿಚಾರಣೆಯಲ್ಲಿ, ತಜ್ಞರ ಒಂದು ತಂಡ ಪಾಷಾಣ ಇದೆಯೆಂದಿತು, ಇನ್ನೊಂದು ಇಲ್ಲವೆಂದಿತು. ಕೊನೆಗೆ ಪ್ಯಾರಿಸಿನಿಂದ ಬಂದ ಓರ್ಫಿಲಾ ಇದೆಯೆಂದು ತೋರಿಸಿದ. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಂಗಡಿಯಿಂದ ತಂದ ಸತುವಿನಲ್ಲೇ ಪಾಷಾಣದ ಸುಳಿವಿರಬಹುದು, ಆಮ್ಲದಲ್ಲೂ ಇರಬಹುದು. ಆದುದರಿಂದ ಸಂಶಯದ ವಸ್ತುವನ್ನು ಹಾಕದೆ, ಬರಿಯ ಸತುವನ್ನೂ ಆಮ್ಲವನ್ನೂ ಇಟ್ಟು ಅದೇ ಪರೀಕ್ಷೆಯನ್ನು ಮೊದಲು ಮಾಡಿ ನೋಡಬೇಕು. ಇದಕ್ಕೆ ‘ಬ್ಲ್ಯಾಂಕ್’ ಎನ್ನುತ್ತಾರೆ. ಇತರರನ್ನು ತೂಗುವ ಮುನ್ನ ತಕ್ಕಡಿಯನ್ನೇ ತೂಗುವುದು! ಪದವಿಯ ವಿದ್ಯಾರ್ಥಿಗಳಿಗೆ ಇದು ಬೇಸರದ ಕೆಲಸ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ವಿಷದ ಮೊಕದ್ದಮೆಗಳಲ್ಲಿ ಪಾಷಾಣವನ್ನು ನಂಬುವಂತೆ ಹುಡುಕುವ ಕ್ರಮವೊಂದನ್ನು ಫ್ರೆಸೆನಿಯಸನೂ ಬಾಬೋ ಎಂಬವನೊಡನೆ ಸೇರಿ 1844ರಲ್ಲಿ ಪ್ರಕಟಿಸಿದನು.

1848ರಲ್ಲಿ ಫ್ರೆಸೆನಿಯಸ್ ವೀಸ್‌ಬಾಡೆನ್ ನಗರದಲ್ಲಿ ಸ್ವಂತ ಪ್ರಯೋಗಶಾಲೆ ತೆರೆದನು. ಮೊದಲು ಬಂದವರು ಐದು ಮಂದಿ ವಿದ್ಯಾರ್ಥಿಗಳು. ಸಹಾಯಕನಾಗಿದ್ದವನು ಎರ್ಲೆನ್ಮೈಯರ್, ಮುಂದೆ ಅವನ ಹೆಸರನ್ನು ಹೊತ್ತ ಶಂಕುವಿನಾಕಾರದ ಗಾಜಿನ ಕೂಜೆಯನ್ನು ನಿಮ್ಮ ಮಕ್ಕಳು ಕೈಯಲ್ಲಿ ಹಿಡಿದೇ ಇರುತ್ತಾರೆ. ಈ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯನ್ನು ಫ್ರೆಸೆನಿಯಸ್ 1862ರಲ್ಲಿ ಆರಂಭಿಸಿದನು.

ನಮ್ಮ ದೇಶದಲ್ಲಿ ಈ ವಿದ್ಯೆ ಅಡಿಗೆಮನೆಯ ಬಾಗಿಲಿಗೇ ಬಂದ ಬಗೆಯನ್ನು ಹೇಳಿ ಮುಗಿಸುತ್ತೇನೆ. ಎಡಿನ್‌ಬರೋದಲ್ಲಿ ಓದಿ ಬಂದ ಪ್ರಫುಲ್ಲಚಂದ್ರ ರಾಯರು 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಅಲ್ಲಿ ಅವರು ಮೊದಮೊದಲು ಹಿಡಿದ ಕೆಲಸಗಳಲ್ಲಿ ಒಂದು, ಪೇಟೆಯ ತುಪ್ಪ ಮತ್ತು ಸಾಸಿವೆಯೆಣ್ಣೆಗಳಲ್ಲಿ ಕಲಬೆರಕೆಯನ್ನು ಕಂಡುಹಿಡಿಯುವುದು. ಚೊಕ್ಕ ತುಪ್ಪ ಯಾವುದೆಂದು ತಿಳಿಯದೆ ಕಲಬೆರಕೆಯನ್ನು ಹೇಗೆ ಹೇಳುವುದು? ರಾಯರು ತಮ್ಮ ಕಣ್ಣೆದುರಿಗೇ ಹಸುವನ್ನು ಕರೆಸಿ, ಆ ಹಾಲಿನ ಬೆಣ್ಣೆಯನ್ನು ಪರೀಕ್ಷೆಗೆ ತೆಗೆದುಕೊಂಡರು. ಸಾಸಿವೆಯನ್ನೂ ತಮ್ಮೆದುರಿಗೇ ಗಾಣಕ್ಕೆ ಹಾಕಿಸಿದರು. ಪೇಟೆಯ ಮಾಲಿನ ಸರದಿ ಆಮೇಲೆ. ಇದರ ಫಲ 1894ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.