ಎರೆಹೊಲದ ದಾರಿ ಬಿಟ್ಟ ಉಪನ್ಯಾಸ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಹೊರಗಿನ ಹಿರಿಯ ವಿಜ್ಞಾನಿಯನ್ನು ಕರೆಸಿ ವಿಶೇಷ ಉಪನ್ಯಾಸ ಏರ್ಪಡಿಸುವ ಪದ್ಧತಿ ಈಗ ಎಲ್ಲೆಡೆ ರೂಢಿಯಲ್ಲಿದೆ. ಮಾತು ಇಂಗ್ಲಿಷಿನಲ್ಲಿ, ಪರದೆಯ ಮೇಲೆ ಅಣುರಚನೆಯ ಚಿತ್ರಗಳು, ಎದುರಿಗೆ ಎಂ.ಎಸ್ಸಿ. ವಿದ್ಯಾರ್ಥಿಗಳು, ಸಂಶೋಧಕರು, ಅಧ್ಯಾಪಕರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಊರಿಗೂ ಇಂಥ ಉಪನ್ಯಾಸಕ್ಕೂ ಏನೂ ಸಂಬಂಧವಿಲ್ಲವೆಂದು ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿದ್ದಾರೆ. ಈ ಒಪ್ಪಿಗೆ ಬಹಳ ಹಳೆಯದೇನಲ್ಲ, ಅನಿವಾರ್ಯವೂ ಅಲ್ಲ ಎಂಬುದು ನನ್ನ ವಾದ. ರಸಾಯನಶಾಸ್ತ್ರದ ಉಪನ್ಯಾಸ ಹುಟ್ಟಿದ್ದೇ ಸಾರ್ವಜನಿಕರ ನಡುವೆ. ಅದರ ಮೊದಲ ದೊಡ್ಡ ವಿಷಯಗಳಲ್ಲಿ ಒಂದು ಹೊಲದ ಮಣ್ಣು. ನಮ್ಮ ನಾಡಿನಲ್ಲಿಯೂ ವಿಶ್ವವಿದ್ಯಾಲಯಗಳು ಊರೂರಿಗೆ ಹೋಗಿ ಮಾತಾಡುವ ಪರಂಪರೆಯನ್ನು ಕಟ್ಟಿದ್ದವು. ಆ ಎರಡು ಪರಂಪರೆಗಳು ಒಂದಕ್ಕೊಂದು ಸೇರದೆ ಹೋದದ್ದೇ ನಮಗಾದ ನಷ್ಟ.

ಮೊದಲು ಹೊರಗಿನ ಚರಿತ್ರೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಜನ ಮುಗಿಬೀಳುತ್ತಿದ್ದರು. ಅದೇ ಡೇವಿ ಅಲ್ಲಿನ ಕೃಷಿ ಮಂಡಳಿಗಾಗಿ ಮಣ್ಣು, ಗೊಬ್ಬರ, ಬೆಳೆಗಳ ರಸಾಯನವನ್ನು ಕುರಿತು ಹಲವು ವರ್ಷ ಉಪನ್ಯಾಸ ಕೊಟ್ಟ. ಅವು 1813ರಲ್ಲಿ ಪುಸ್ತಕವಾಗಿ ಬಂದವು. 1812ರಲ್ಲಿ ಅವನ ಮಾತು ಕೇಳಲು ಬಂದವರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಬಡ ಕಮ್ಮಾರನ ಮಗನೊಬ್ಬನಿದ್ದ. ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ಹೊಲಿದು ರಟ್ಟು ಹಾಕಿ ಡೇವಿಗೆ ಕಳಿಸಿದ ಆ ಹುಡುಗ ಮೈಕೆಲ್ ಫ್ಯಾರಡೆ. ಮರುವರ್ಷ ಅವನು ಡೇವಿಯ ಸಹಾಯಕನಾದ. ಮುಂದೆ 1825ರಿಂದ ಅದೇ ಸಂಸ್ಥೆಯಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು. ಹಲವು ವರ್ಷಗಳ ಬಳಿಕ ಅವುಗಳಲ್ಲಿ ಫ್ಯಾರಡೆ ಉರಿಯುವ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ದಹನದ ರಸಾಯನವನ್ನೆಲ್ಲ ಬಿಡಿಸಿ ಹೇಳಿದ. ಬೆಂಜೀನನ್ನು ಕಂಡುಹಿಡಿದವನೂ ಅವನೇ. ಸಂಶೋಧಕನ ಎತ್ತರಕ್ಕೂ ಸಾಮಾನ್ಯರೊಡನೆ ಆಡುವ ಮಾತಿಗೂ ವಿರೋಧವಿಲ್ಲ ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಭಾರತಕ್ಕೆ ಅತಿಥಿಯಾಗಿ ಬಂದ ರಸಾಯನಜ್ಞರಲ್ಲಿ ನೆನೆಯಬೇಕಾದ ಒಬ್ಬರು ಜಾನ್ ಅಗಸ್ಟಸ್ ವೋಲ್ಕರ್. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಸಲಹೆಗಾರ ರಸಾಯನಜ್ಞರಾಗಿದ್ದ ಅವರನ್ನು ಬ್ರಿಟಿಷ್ ಸರಕಾರ 1889ರಲ್ಲಿ ಇಲ್ಲಿನ ಬೇಸಾಯವನ್ನು ಪರೀಕ್ಷಿಸಲು ಕಳಿಸಿತು. ದೇಶ ಸುತ್ತಿ 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವರು ಇಲ್ಲಿನ ಒಕ್ಕಲಿಗರು ಹಿಂದುಳಿದವರೆಂಬ ಮಾತನ್ನು ತಳ್ಳಿಹಾಕಿದರು. ಒಳ್ಳೆಯ ಒಕ್ಕಲಿಗ ಇಂಗ್ಲೆಂಡಿನ ರೈತನಿಗೆ ಯಾವುದರಲ್ಲೂ ಕಡಿಮೆಯಿಲ್ಲ ಎಂದರು. ಸೆಗಣಿಯನ್ನು ಕುಳ್ಳು ತಟ್ಟಿ ಸುಡುವುದು ಅಜ್ಞಾನದಿಂದಲ್ಲ, ಕಟ್ಟಿಗೆ ಸಿಗದ ಕಾರಣಕ್ಕೆ ಎಂದು ಗುರುತಿಸಿ, ಹಾಗೆ ಸುಟ್ಟುಹೋಗುವ ಸಾರಜನಕವನ್ನು ಹೊಲಕ್ಕೆ ಉಳಿಸಲು ಉರುವಲಿನ ಕಾಡು ಬೆಳೆಸಬೇಕೆಂದು ಹೇಳಿದರು. ದೊಡ್ಡ ರಸಾಯನಜ್ಞನೊಬ್ಬ ಹೊಲಕ್ಕೆ ಹೋದಾಗ ಕಲಿಸುವುದರ ಜೊತೆಗೆ ಕಲಿಯುವುದೂ ಇರುತ್ತದೆ ಎಂಬುದು ಈ ವರದಿಯಿಂದ ತಿಳಿಯುತ್ತದೆ.

ಈಗ ಧಾರವಾಡಕ್ಕೆ ಬರೋಣ. ಅತಿಥಿ ಉಪನ್ಯಾಸ ಏನು ಮಾಡಬಲ್ಲದೆಂದು ಈ ಊರಿಗೆ ಹೇಳಿಕೊಡಬೇಕಿಲ್ಲ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅತಿಥಿಯಾಗಿ ಬಂದು ಕನ್ನಡ ತಲೆ ಎತ್ತುವ ಬಗೆಯನ್ನು ಕುರಿತು ಮಾತಾಡಿದರು. ಒಂದು ಭಾಷಣ ಒಂದು ತಲೆಮಾರಿನ ದಿಕ್ಕನ್ನೇ ತೋರಿಸಿತು. ಅತ್ತ ಮೈಸೂರು ವಿಶ್ವವಿದ್ಯಾಲಯ ತನ್ನ ಅಧ್ಯಾಪಕರನ್ನು ಊರುಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿ, ಆ ಮಾತುಗಳನ್ನು ಕಡಿಮೆ ಬೆಲೆಯ ಪುಸ್ತಕಗಳಾಗಿ ಹಂಚಿತು. ಇತ್ತ ಸ್ವಾತಂತ್ರ್ಯದ ಬೆನ್ನಿಗೆ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ದಾರಿ ಹಿಡಿಯಿತು. ಡಿ.ಸಿ. ಪಾವಟೆಯವರು ಕುಲಪತಿಯಾಗಿದ್ದ ಕಾಲದಲ್ಲಿ, 1956ರಲ್ಲಿ, ಕವಿ ಚೆನ್ನವೀರ ಕಣವಿಯವರು ವ್ಯಾಸಂಗ ವಿಸ್ತರಣ ಮತ್ತು ಪ್ರಕಟಣ ವಿಭಾಗದ ಹೊಣೆ ಹೊತ್ತರು. ಮುಂದೆ ಪ್ರಸಾರಾಂಗವಾದ ಅದನ್ನು 1983ರವರೆಗೆ ನಡೆಸಿದರು. ಊರುಗಳಲ್ಲಿ ಉಪನ್ಯಾಸ ಏರ್ಪಡಿಸುವುದು, ಅದನ್ನೇ ಉಪನ್ಯಾಸ ಗ್ರಂಥಮಾಲೆಯ ಕಿರುಹೊತ್ತಿಗೆಯಾಗಿ ತರುವುದು ಆ ವಿಭಾಗದ ನಿತ್ಯದ ಕೆಲಸವಾಗಿತ್ತು. ಪಾವಟೆಯವರು ಸ್ವತಃ ಗಣಿತಜ್ಞರು, ಹೊಣೆ ಹೊತ್ತವರು ಕವಿ. ವಿಜ್ಞಾನ ಮತ್ತು ಸಾಹಿತ್ಯ ಒಂದೇ ಬಂಡಿಯಲ್ಲಿ ಹಳ್ಳಿಗೆ ಹೋಗಲು ಇಷ್ಟು ಒಳ್ಳೆಯ ಜೋಡಿ ಬೇರೆಲ್ಲಿ ಸಿಕ್ಕೀತು?

ಆದರೂ ರಸಾಯನಶಾಸ್ತ್ರದ ದೊಡ್ಡ ಅತಿಥಿಗಳು ಆ ಬಂಡಿ ಹತ್ತುವುದು ರೂಢಿಯಾಗಲಿಲ್ಲ. ಪ್ರಸಾರದ ಕೆಲಸ ಒಂದು ಕಚೇರಿಯದಾಯಿತು, ವಿಶೇಷ ಉಪನ್ಯಾಸ ಇನ್ನೊಂದು ವಿಭಾಗದ್ದಾಯಿತು. ವಿಜ್ಞಾನಿಯ ಬಡ್ತಿ, ಹೆಸರು ಎಲ್ಲವೂ ಇಂಗ್ಲಿಷಿನ ಪ್ರಬಂಧಗಳ ಮೇಲೆ ನಿಂತಿರುವಾಗ ಕನ್ನಡದಲ್ಲಿ ಹೇಳುವುದಕ್ಕೆ ಯಾವ ಲೆಕ್ಕದಲ್ಲಿಯೂ ಜಾಗ ಸಿಗಲಿಲ್ಲ. ಇದು ವ್ಯಕ್ತಿಗಳ ತಪ್ಪಲ್ಲ, ವ್ಯವಸ್ಥೆ ಹಾಗೆ ಬೆಳೆಯಿತು. ಬೆಳೆದ ಬಗೆಯೇ ಸರಿಯಾದ ಬಗೆ ಎಂದು ನಂಬುವುದು ಮಾತ್ರ ತಪ್ಪು.

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಆಕ್ಷೇಪ ಮೊದಲು ಬರುತ್ತದೆ. ಇದಕ್ಕೆ ಉತ್ತರ ನೂರು ವರ್ಷದ ಹಿಂದೆಯೇ ಸಿಕ್ಕಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ರಸಾಯನಶಾಸ್ತ್ರದ ಮೇಷ್ಟರಾಗಿದ್ದ ಜೆ.ಆರ್. ಲಕ್ಷ್ಮಣರಾವ್ 'ಪರಮಾಣು ಚರಿತ್ರೆ' ಬರೆದರು. 1978ರಲ್ಲಿ ಹುಟ್ಟಿದ 'ಬಾಲ ವಿಜ್ಞಾನ'ವನ್ನು ಬೆಳೆಸಿದರು. ಪರಮಾಣುವಿನ ಒಳಗನ್ನು ಹೇಳಿದ ಭಾಷೆಗೆ ಯೂರಿಯದ ಸಂಗತಿ ಹೇಳುವುದು ಭಾರವಲ್ಲ. ಬಂದ ಅತಿಥಿಗೆ ಕನ್ನಡ ಬಾರದಿದ್ದರೆ ಕರೆಸಿದ ವಿಭಾಗದ ಅಧ್ಯಾಪಕರೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬಹುದು.

ರೈತರಿಗೆ ತಿಳಿಸಲು ಕೃಷಿ ವಿಶ್ವವಿದ್ಯಾಲಯ ಇದೆಯಲ್ಲ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಧಾರವಾಡದ ಕೃಷಿ ವಿಜ್ಞಾನಿಗಳ ಕೊಡುಗೆ ಸಣ್ಣದಲ್ಲ, ಬಿ.ಎಚ್. ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿ ಈ ಸೀಮೆಯ ಬೇಸಾಯವನ್ನೇ ಬದಲಿಸಿತು. ಸಂಕರ ಹತ್ತಿಯ ಹಿಂದೆಯೇ ಸರಕಾರಿ ಗೊಬ್ಬರವೆನ್ನುವ ರಾಸಾಯನಿಕ ಗೊಬ್ಬರ ಹೆಚ್ಚಿತು, ಕೀಟನಾಶಕದ ಎಣ್ಣೆ ಹೊಡೆಯುವುದು ಹೆಚ್ಚಿತು. ಎಕರೆಗೆ ಎಷ್ಟು ಚೀಲ, ಯಾವಾಗ ಹಾಕಬೇಕು ಎಂಬ ಸಲಹೆ ರೈತನಿಗೆ ಸಿಗುತ್ತದೆ. ಏಕೆ ಎಂಬುದು ಅಷ್ಟಾಗಿ ಸಿಗುವುದಿಲ್ಲ. ಯರಗುಪ್ಪಿಯ ಸುತ್ತಲಿನ ಎರೆಹೊಲವನ್ನೇ ತೆಗೆದುಕೊಳ್ಳಿ. ಅದರ ಜೇಡಿ ಕಣಗಳು ಹಾಳೆ ಹಾಳೆಯಾಗಿ ಒಂದರ ಮೇಲೊಂದು ಕೂತಿರುತ್ತವೆ. ಮಳೆಗೆ ಹಾಳೆಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ, ಬೇಸಿಗೆಗೆ ನೀರು ಆರಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತವೆ. ಮಣ್ಣಿನಲ್ಲಿ ಸುಣ್ಣದ ಹರಳು ಇರುವುದರಿಂದ ಅದರ ಗುಣ ಕ್ಷಾರದ ಕಡೆಗಿದೆ. ಇಂಥ ನೆಲದ ಮೇಲೆ ಯೂರಿಯ ಚೆಲ್ಲಿ ಬಿಟ್ಟರೆ ಅದು ಅಮೋನಿಯವಾಗಿ ಒಡೆದು ಗಾಳಿಗೆ ಹೋಗುತ್ತದೆ. ಹಸಿ ಮಣ್ಣಿನೊಳಗೆ ಮುಚ್ಚಿದರೆ ಜೇಡಿ ಕಣ ಅದನ್ನು ಹಿಡಿದುಕೊಳ್ಳುತ್ತದೆ. ಡಿಎಪಿ ಗೊಬ್ಬರದಲ್ಲಿರುವ ರಂಜಕವನ್ನು ಸುಣ್ಣ ಕಟ್ಟಿಹಾಕುತ್ತದೆ. ಸತುವು, ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗದಂತಾಗುತ್ತವೆ. ಇದು ತಿಳಿದ ರೈತ ಚೀಲ ಹೆಚ್ಚಿಸುವ ಮುಂಚೆ ಹಾಕುವ ಬಗೆಯನ್ನು ಯೋಚಿಸುತ್ತಾನೆ. ಸಲಹೆ ಒಂದು ಹಂಗಾಮಿಗೆ ಸಾಕಾದೀತು. ಕಾರಣ ತಿಳಿದವನು ಮುಂದಿನ ಹಂಗಾಮಿನಲ್ಲಿ ತಾನೇ ತೀರ್ಮಾನಿಸಬಲ್ಲ. ಆ ಕಾರಣವನ್ನು ಹೇಳುವುದು ರಸಾಯನಶಾಸ್ತ್ರದ ಸ್ವಂತ ಕೆಲಸ. 1828ರಲ್ಲಿ ರಸಾಯನಜ್ಞ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯ ತಯಾರಿಸಿದ್ದರಿಂದ ಸಾವಯವ ರಸಾಯನದ ಪಾಠ ಶುರುವಾಗುತ್ತದೆ. ಆ ಪಾಠದ ವಸ್ತು ಯರಗುಪ್ಪಿಯ ರೈತನ ಮನೆಯಲ್ಲಿ ಚೀಲದಲ್ಲಿದೆ.

ಮೆಣಸಿನಕಾಯಿಯ ವಿಷಯವೂ ಹಾಗೆಯೇ. ಕುಂದಗೋಳ ಸೀಮೆಯವರೂ ಬೆಳೆಯುವ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪು ಕ್ಯಾಪ್ಸಾಂಥಿನ್ ಎಂಬ ವಸ್ತುವಿನದು, ಖಾರ ಕ್ಯಾಪ್ಸೈಸಿನ್ನಿನದು. ಬಣ್ಣವನ್ನು ದ್ರಾವಕದಲ್ಲಿ ಇಳಿಸಿ ಓಲಿಯೋರೆಸಿನ್ ತೆಗೆಯುವ ಉದ್ಯಮ ಅದನ್ನು ಅಳೆದು ಕೊಳ್ಳುತ್ತದೆ. ಬಿಸಿಲು, ಗಾಳಿ, ತೇವ ಆ ವಸ್ತುವನ್ನು ಹೇಗೆ ಕೆಡಿಸುತ್ತವೆಂದು ಬಲ್ಲವನು ಕಣದಲ್ಲಿ ಒಣಗಿಸುವಾಗ, ಚೀಲ ಕಟ್ಟಿ ಇಡುವಾಗ ಎಚ್ಚರ ವಹಿಸುತ್ತಾನೆ. ಕೊಳ್ಳುವವನಿಗೆ ಗೊತ್ತಿರುವ ರಸಾಯನ ಬೆಳೆಯುವವನಿಗೂ ಗೊತ್ತಿದ್ದರೆ ಮಾರುಕಟ್ಟೆಯಲ್ಲಿ ಇಬ್ಬರೂ ಸಮಸಮ ನಿಲ್ಲುತ್ತಾರೆ.

ಹಳ್ಳಿಗಾಗಿ ವಿಷಯವನ್ನು ತೆಳುವಾಗಿಸಿದರೆ ಉನ್ನತ ಉಪನ್ಯಾಸದ ಘನತೆ ಕುಗ್ಗುತ್ತದೆ ಎಂಬುದು ಕೊನೆಯ ಆಕ್ಷೇಪ. ತಜ್ಞರ ನಡುವಿನ ಮಾತು ತಜ್ಞರ ಮಟ್ಟದಲ್ಲಿಯೇ ಇರಬೇಕು, ಅದನ್ನು ಇಳಿಸುವುದು ಬೇಡ. ಅದೇ ಅತಿಥಿಯ ಮರುದಿನವನ್ನು ನಾನು ಕೇಳುತ್ತಿರುವುದು. ಸಿ.ಎನ್.ಆರ್. ರಾವ್ ಬೆಂಗಳೂರಿನ ಶಾಲಾಬಾಲಕರಾಗಿದ್ದಾಗ ಸಿ.ವಿ. ರಾಮನ್ ಆ ಶಾಲೆಗೆ ಬಂದು ಮಾತಾಡಿದ್ದನ್ನು ರಾವ್ ಅವರು ಜೀವನವಿಡೀ ನೆನೆದಿದ್ದಾರೆ. ದೇಶದ ಅಗ್ರ ರಸಾಯನಜ್ಞರಾದ ಮೇಲೆ ತಾವೂ ಶಾಲಾಮಕ್ಕಳ ಮುಂದೆ ನಿಂತಿದ್ದಾರೆ. ರಾಮನ್ನರ ಘನತೆಯಾಗಲಿ ರಾವ್ ಅವರ ಘನತೆಯಾಗಲಿ ಇದರಿಂದ ಕುಗ್ಗಲಿಲ್ಲ.

ಹಾಗಾಗಿ ಮಾಡಬೇಕಾದ್ದು ಸರಳವಾಗಿದೆ. ರಸಾಯನಶಾಸ್ತ್ರದ ಪ್ರತಿ ವಿಶೇಷ ಉಪನ್ಯಾಸಕ್ಕೂ ಎರಡು ದಿನ ಇಡಬೇಕು: ಒಂದು ವಿಭಾಗದಲ್ಲಿ, ಇನ್ನೊಂದು ಯರಗುಪ್ಪಿಯಂಥ ಊರಿನ ಪ್ರೌಢಶಾಲೆಯಲ್ಲಿ, ರೈತರೂ ಮಕ್ಕಳೂ ಕೂಡಿ ಕೂತಿರುವಾಗ, ಅವರ ಹೊಲದ ಮಣ್ಣನ್ನೇ ಮೇಜಿನ ಮೇಲಿಟ್ಟುಕೊಂಡು. ಆ ಮಾತು ಮೊದಲಿನಂತೆ ಕಿರುಹೊತ್ತಿಗೆಯಾಗಿ ಅಚ್ಚಾಗಬೇಕು, ಅದನ್ನು ಸಿದ್ಧಪಡಿಸಿದ ಅಧ್ಯಾಪಕರಿಗೆ ಸಂಶೋಧನ ಪ್ರಬಂಧದಷ್ಟೇ ಮನ್ನಣೆ ಸಿಗಬೇಕು. ಇದಕ್ಕೆ ಬೇಕಾದ ಭಾಷೆ ಸಿದ್ಧವಿದೆ, ಪ್ರಸಾರಾಂಗದ ಮಾದರಿ ಕಣ್ಣೆದುರಿಗಿದೆ, ವಿಷಯ ಹೊಲದಲ್ಲಿಯೇ ಬಿದ್ದಿದೆ. ವಿಶ್ವವಿದ್ಯಾಲಯವನ್ನು ಸಾಕುತ್ತಿರುವ ತೆರಿಗೆಯಲ್ಲಿ ಯರಗುಪ್ಪಿಯ ಪಾಲೂ ಇದೆ. ಉಪನ್ಯಾಸದಲ್ಲಿಯೂ ಆ ಊರಿಗೆ ಪಾಲು ಸಲ್ಲಬೇಕು.